‘ಆಯ್ತು’ ಅಂದ ಮೇಲೆ ಎರಡು ನಿಮಿಷ

ನಮ್ಮ ಕಡೆ ‘ಆಯ್ತು’ ಅನ್ನುವ ಮಾತಿಗೆ ಎಷ್ಟು ಅರ್ಥ ಇದೆ ಅಂತ ವಕೀಲಿಕೆಗೆ ಬರುವ ತನಕ ಯೋಚಿಸಿರಲಿಲ್ಲ. ‘ಆಯ್ತು ನೋಡೋಣ’ ಅಂದ್ರೆ ಬಹುಪಾಲು ಇಲ್ಲ ಅಂತಲೇ. ‘ಆಯ್ತು ಬಿಡಿ’ ಅಂದ್ರೆ ಸಾಕು ಮಾಡಿ ಅಂತ. ಇದರಲ್ಲಿ ಕಾನೂನಿಗೆ ಬೇಕಾದ ಒಪ್ಪಿಗೆ ಯಾವುದು? ನನಗೆ ಅದನ್ನು ಕಲಿಸಿದ್ದು ತಿಪಟೂರಿನ ಒಬ್ಬ ಕೊಬ್ಬರಿ ವರ್ತಕರು.

ಆಗ ನಾನು ಜೂನಿಯರ್. ಅವರು ಒಂದು ಲೀಗಲ್ ನೋಟಿಸ್, ಒಂದು ಪ್ರಿಂಟ್‌ಔಟ್ ಹಿಡಿದುಕೊಂಡು ಬಂದರು. ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬರಿಗೆ ಇವರು ವಾಟ್ಸ್‌ಆ್ಯಪ್ ಮಾಡಿದ್ದರು: 60 ಕ್ವಿಂಟಾಲ್ ಉಂಡೆ ಕೊಬ್ಬರಿ, ಕ್ವಿಂಟಾಲಿಗೆ 14,200, ಲಾರಿ ಬಾಡಿಗೆ ನಿಮ್ಮದು. ಅತ್ತಲಿಂದ ಉತ್ತರವೂ ಬಂದಿತ್ತು. ನಾಲ್ಕೇ ದಿನದಲ್ಲಿ ದರ 1,100 ಏರಿತು. ಇವರು ಮಾಲನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಈಗ 66,000 ರೂಪಾಯಿ ನಷ್ಟ ಕಟ್ಟಿಕೊಡಿ ಅಂತ ನೋಟಿಸ್.

ಕಾಗದದ ಮೇಲೆ ಯಾರ ಸಹಿಯೂ ಇಲ್ಲ, ಹಾಗಾಗಿ ಕರಾರೇ ಆಗಿಲ್ಲ ಅಂತ ಹುಮ್ಮಸ್ಸಿನಲ್ಲಿ ಉತ್ತರ ಬರೆದೆ. ಸೀನಿಯರ್ ಓದಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ‘ಬೆಳಿಗ್ಗೆ ಹೋಟೆಲಲ್ಲಿ ಇಡ್ಲಿ ತಿಂದ್ಯಲ್ಲ, ಸಹಿ ಹಾಕಿದ್ಯೇನಪ್ಪಾ?’ ಅಂದರು. ಇಂಥ ವ್ಯಾಪಾರಕ್ಕೆ 1872ರ ಕರಾರು ಕಾಯ್ದೆ ಸಹಿ ಕೇಳುವುದಿಲ್ಲ. ಒಬ್ಬರ ಪ್ರಸ್ತಾಪ, ಇನ್ನೊಬ್ಬರ ಒಪ್ಪಿಗೆ ಇದ್ದರೆ ಬಾಯಿಮಾತೂ ನಡೆಯುತ್ತದೆ.

ಆದರೆ ಆ ಒಪ್ಪಿಗೆ ಪೂರ್ತಿ ಇರಬೇಕು, ಷರತ್ತು ಅಂಟಿಕೊಂಡಿರಬಾರದು. ಅದು ಸೆಕ್ಷನ್ 7. ಪ್ರಿಂಟ್‌ಔಟ್ ಮತ್ತೆ ನೋಡಿದೆ. ‘ಆಯ್ತು, ಫೈನಲ್. ಬಾಡಿಗೆ ನಿಮ್ಮ ಕಡೆಯೇ ಇರಲಿ’ ಅಂತಿತ್ತು. ಸಿಕ್ಕಿತಲ್ಲ! ಬಾಡಿಗೆ ತಿರುಗಿಸಿದ ಮೇಲೆ ಅದು ಒಪ್ಪಿಗೆ ಅಲ್ಲ, ಕೌಂಟರ್ ಆಫರ್, ಅಂದರೆ ಅವರ ಕಡೆಯಿಂದ ಹೊಸ ಪ್ರಸ್ತಾಪ. 1840ರ ಇಂಗ್ಲೆಂಡಿನ ಹೈಡ್–ರೆಂಚ್ ಮೊಕದ್ದಮೆ ನೆನಪಾಯಿತು. 1,000 ಪೌಂಡಿಗೆ ಕೊಡ್ತೀನಿ ಅಂದ ಜಮೀನನ್ನು ಒಬ್ಬ 950ಕ್ಕೆ ಕೇಳಿದ. ಮಾಲೀಕ ಆಗಲ್ಲ ಅಂದ. ಸರಿ, 1,000ಕ್ಕೇ ತಗೋತೀನಿ ಅಂತ ಆಮೇಲೆ ಬಂದರೆ, ಮೊದಲಿನ ಪ್ರಸ್ತಾಪ ಆಗಲೇ ಸತ್ತಿದೆ ಅಂದಿತು ಕೋರ್ಟು.

ಈ ಕೌಂಟರ್ ಆಫರ್‌ಗೆ ನಮ್ಮವರು ಉತ್ತರವನ್ನೇ ಕೊಟ್ಟಿರಲಿಲ್ಲ. ಸುಮ್ನೆ ಇದ್ದರೆ ಒಪ್ಪಿದ ಹಾಗಾಗುವುದಿಲ್ಲ. ಲೋಡ್ ಮಾಡಿಸಿದ್ರಾ, ಅಡ್ವಾನ್ಸ್ ತಗೊಂಡ್ರಾ ಅಂತ ಕೇಳಿದೆ. ಮಾತಾಡದೆ ನಡೆದುಕೊಂಡ ರೀತಿಯಲ್ಲೂ ಒಪ್ಪಿಗೆ ಇರಬಹುದು ಅಲ್ವಾ? ‘ಏನೂ ಇಲ್ಲ ಸಾರ್’ ಅಂದರು. ಕೇಸು ಗೆದ್ದಷ್ಟೇ ಖುಷಿಯಾಯಿತು.

‘ಫೋನ್ ಎಲ್ಲಿ?’ ಅಂದರು ಸೀನಿಯರ್.

ಪ್ರಿಂಟ್‌ಔಟ್ ಅಂದರೆ ಜೆರಾಕ್ಸ್ ಅಂಗಡಿಯಲ್ಲಿ ಯಾರೋ ನೋಡಿ ಟೈಪ್ ಮಾಡಿಕೊಟ್ಟಿದ್ದು. ಫೋನಿನಲ್ಲಿ ಇದ್ದದ್ದು ಒಂದಲ್ಲ, ಎರಡು ಮೆಸೇಜು. 9:10ಕ್ಕೆ ‘ಆಯ್ತು, ಫೈನಲ್’. 9:12ಕ್ಕೆ ‘ಬಾಡಿಗೆ ನಿಮ್ಮ ಕಡೆಯೇ ಇರಲಿ’. ನನ್ನ ಹೊಟ್ಟೆ ತಣ್ಣಗಾಯಿತು. ಮೊದಲನೆಯದಕ್ಕೆ ಯಾವ ಷರತ್ತೂ ಇಲ್ಲ. ಕರಾರು ಅಲ್ಲಿಗೇ ಕುದುರಿದ್ದರೆ, ಎರಡನೆಯದು ಬರೀ ಚೌಕಾಸಿ. ಆಗಿಹೋದ ಕರಾರನ್ನು ಅದು ಮುರಿಯುವುದಿಲ್ಲ.

‘ನಾನು ಎರಡನ್ನೂ ಒಟ್ಟಿಗೇ ನೋಡಿದ್ದು ಸಾರ್’ ಅಂದರು ವರ್ತಕರು. ವಾದಕ್ಕೆ ಅದೂ ಒಂದು ಎಳೆಯೇ. ಕೊಟ್ಟ ಒಪ್ಪಿಗೆಯನ್ನು ಪ್ರಸ್ತಾಪ ಮಾಡಿದವರಿಗೆ ತಿಳಿಯುವ ಮೊದಲು ವಾಪಸ್ ತಗೊಳ್ಳಬಹುದು ಅನ್ನುತ್ತದೆ ಸೆಕ್ಷನ್ 5. ಆದರೆ ಆ ವ್ಯಾಪಾರಿ ಎಲ್ಲೂ ‘ಬೇಡ’ ಅಂದಿರಲಿಲ್ಲ. ಈ ಎಳೆ ನಂಬಿ ವರ್ಷಗಟ್ಟಲೆ ಕೋರ್ಟು ಅಲೆಯಲು ಸೀನಿಯರ್ ಒಪ್ಪಲಿಲ್ಲ.

ನಮ್ಮ ಕೈಯಲ್ಲಿ ಇನ್ನೊಂದು ಅಸ್ತ್ರ ಇತ್ತು. ಬೆಂಗಳೂರಿನಲ್ಲೇ ದಾವೆ ಹಾಕುತ್ತೇವೆ ಅಂತ ನೋಟಿಸಿನಲ್ಲಿ ಹೆದರಿಸಿದ್ದರು. ಹತ್ತಿಕಾಳು ಹಿಂಡಿಯ ವ್ಯಾಪಾರವೊಂದರಲ್ಲಿ ಸುಪ್ರೀಂ ಕೋರ್ಟು 1965ರಲ್ಲಿ ಹೇಳಿದ್ದು ಇದೆ: ಫೋನಿನಲ್ಲಿ ಮಾತಾಗಿದ್ದರೆ, ಒಪ್ಪಿಗೆ ಕಿವಿಗೆ ಬಿದ್ದ ಜಾಗದಲ್ಲಿ ಕರಾರು ಆಗುತ್ತದೆ. ಅಹಮದಾಬಾದಿನಿಂದ ಪ್ರಸ್ತಾಪ, ಖಾಮ್‌ಗಾಂವ್‌ನಿಂದ ಒಪ್ಪಿಗೆ. ಅದು ಕೇಳಿಸಿದ್ದು ಅಹಮದಾಬಾದಿನಲ್ಲಿ, ಹಾಗಾಗಿ ಅಲ್ಲಿ ಹೂಡಿದ ದಾವೆ ನಿಂತಿತು. ವಾಟ್ಸ್‌ಆ್ಯಪ್‌ಗೂ ಅದೇ ಲೆಕ್ಕ ಹಿಡಿದರೆ ನಮ್ಮ ಕರಾರು ಹುಟ್ಟಿದ್ದು ತಿಪಟೂರಿನಲ್ಲಿ. ಅಲ್ಲಿಗೆ ಓಡಾಡುವ ಖರ್ಚು ಅವರಿಗೂ ಕಂಡಿತು.

ಕೊನೆಗೆ ಸ್ಪೀಕರ್ ಫೋನಿನಲ್ಲಿ ಮಾತು 30,000ಕ್ಕೆ ಬಂದು ನಿಂತಿತು. ‘ಏನಂತೀರಿ?’ ಅಂದರು ಅತ್ತ ಕಡೆಯವರು. ನಮ್ಮ ವರ್ತಕರು ಬಾಯಿ ತೆರೆದರು. ‘ಆಯ್ತು, ಆದ್ರೆ...’

ಸೀನಿಯರ್ ಫೋನಿನ ಮೇಲೆ ಕೈ ಮುಚ್ಚಿದರು.