ಅಂಗಡಿಯ ಬಾಗಿಲು ಹಾಕದೆ ಮೂವರು ಪಾಲಾದ ಬಗೆ: ನನ್ನ ಅನುಭವ

ತಿಪಟೂರಿನಲ್ಲಿ ಮೂರು ತಲೆಮಾರಿನಿಂದ ಕೊಬ್ಬರಿ ಮಂಡಿ (ಸಗಟು ಅಂಗಡಿ) ನಡೆಸಿಕೊಂಡು ಬಂದ ನಾವು ಮೂವರು ಅಣ್ಣತಮ್ಮಂದಿರು, ಕೋರ್ಟಿನ ಮೆಟ್ಟಿಲು ಹತ್ತದೆ, ಒಂದು ದಿನವೂ ಅಂಗಡಿಯ ಬಾಗಿಲು ಹಾಕದೆ ಪಾಲಾದೆವು ಎಂದರೆ ಈಗಲೂ ಕೆಲವರು ನಂಬುವುದಿಲ್ಲ. 2024ರ ದೀಪಾವಳಿಯಲ್ಲಿ ಮೂರು ಅಂಗಡಿಗಳಲ್ಲಿ ಮೂರು ಲಕ್ಷ್ಮೀಪೂಜೆ ನಡೆದು, ಮೂರಕ್ಕೂ ಮೂವರೂ ಸಂಸಾರ ಸಮೇತ ಹೋಗಿ ಕುಳಿತದ್ದನ್ನು ಕಣ್ಣಾರೆ ಕಂಡ ಮೇಲೆ, "ಇದು ಆಗುವ ಮಾತಲ್ಲ" ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಹಿರಿಯ ವರ್ತಕರೊಬ್ಬರು, "ಮಾಡಿದ್ದು ಹೇಗೆಂದು ಬರೆದಿಡು" ಎಂದರು. ಎರಡು ಸಲ ಸೋತು ಮೂರನೆಯ ಸಲ ಕೈಗೂಡಿದ ಕೆಲಸ ಇದು. ಮಂಡಿ ನಡೆಸುವವರಿಗೆ ಕಿರ್ದಿ (ದಿನದ ಜಮಾಖರ್ಚಿನ ಪುಸ್ತಕ), ಖಾತೆ, ಉದ್ರಿ (ಸಾಲದ ವ್ಯಾಪಾರ) ಏನೆಂದು ವಿವರಿಸಬೇಕಾಗಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲ ಸೋಲು 2014ರದು. ಐವರು ಹಿರಿಯರನ್ನು ಕರೆಸಿ, ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಮನೆ, ಗೋದಾಮು, ಏಳು ಎಕರೆ ತೆಂಗಿನ ತೋಟ, ಸರಕು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಬಿಳಿ ಹಾಳೆಯ ಮೇಲೆ ಪಾಲು ಮಾಡಿದೆವು. ನೋಂದಣಿ ಮಾಡಿಸಲಿಲ್ಲ. ತಂಗಿಗೆ ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಐವತ್ತು ಸಾವಿರ ಕೊಟ್ಟು ಸಹಿ ಹಾಕಿಸಿಕೊಂಡೆವು. ತಂದೆಯವರು 2003ರಲ್ಲಿಯೇ ತೀರಿಕೊಂಡಿದ್ದರಿಂದ, ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾಗಿ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನಮಗೆ ತಗಲುವುದಿಲ್ಲ ಎಂದು ವಕೀಲರೊಬ್ಬರು ಹೇಳಿದ್ದನ್ನೇ ನಂಬಿದ್ದೆವು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲಾಗಿದ್ದರೆ ಮಾತು ಬೇರೆಯಿತ್ತು. ನಮ್ಮ ಕೈಯಲ್ಲಿದ್ದದ್ದು ಹತ್ತು ವರ್ಷ ತಡವಾದ ಬಿಳಿ ಹಾಳೆ. ತಂಗಿ ತಾನಾಗಿ ಏನನ್ನೂ ಕೇಳಲಿಲ್ಲ. ಆದರೆ ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದಾಗ ಅವಳು, "ಅಣ್ಣಯ್ಯ, ಅವತ್ತು ನಾನು ಓದಿ ಸಹಿ ಹಾಕಲಿಲ್ಲ, ನೀನು ಹೇಳಿದೆ ಅಂತ ಹಾಕಿದೆ" ಎಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಎರಡನೆಯ ಸೋಲು 2022ರದು, ಅದು ಸರಕಿನಿಂದ ಬಂದದ್ದು. ಗೋದಾಮಿನಲ್ಲಿ ಸುಮಾರು 300 ಕ್ವಿಂಟಾಲ್ ಉಂಡೆ ಕೊಬ್ಬರಿ ಇತ್ತು. ಕ್ವಿಂಟಾಲಿಗೆ 15,000ದ ಸುಮಾರಿನಲ್ಲಿ ಬೆಲೆ ಕಟ್ಟಿ, ಸರಕನ್ನೆಲ್ಲ ಕಿರಿಯ ತಮ್ಮ ಇಟ್ಟುಕೊಂಡು ಉಳಿದಿಬ್ಬರಿಗೆ ಮೂರು ಕಂತಿನಲ್ಲಿ ಹಣ ಕೊಡುವುದೆಂದು ಗೊತ್ತುಪಡಿಸಿದೆವು. ಆ ಬಳಿಕ ಧಾರಣೆ ಇಳಿದದ್ದು ಎಲ್ಲರಿಗೂ ನೆನಪಿದೆ. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆಯಲ್ಲಿ 8,000ದ ಆಸುಪಾಸಿಗೆ ಕೊಬ್ಬರಿ ಹೋಯಿತು. ಬೆಲೆ ಬೀಳುವುದು ಗೊತ್ತಿದ್ದೇ ತನ್ನ ಹೆಗಲಿಗೆ ಸರಕು ಹೊರಿಸಿದೆನೆಂದು ತಮ್ಮ ತಿಳಿದುಕೊಂಡ. ಏಳು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ; ಒಂದೇ ಗಲ್ಲಾಪೆಟ್ಟಿಗೆಯ ಎರಡು ಪಕ್ಕದಲ್ಲಿ ಕುಳಿತು ಹಮಾಲರ ಬಾಯಿಂದ ಒಬ್ಬರಿಗೊಬ್ಬರು ಹೇಳಿ ಕಳುಹಿಸುತ್ತಿದ್ದೆವು. ಕೊನೆಗೆ ನನ್ನ ಕೈಸೇರಿದ್ದ ಎರಡು ಕಂತು, ಒಂಬತ್ತು ಲಕ್ಷದ ಮೇಲೆ ಚಿಲ್ಲರೆ, ಹಿಂದಿರುಗಿಸಿದೆ. ಮಧ್ಯದವನೂ ಗೊಣಗಿಕೊಂಡೇ ತನ್ನದನ್ನು ಹಿಂದಿರುಗಿಸಿದ.

ಇವೆರಡರಿಂದ ನನಗೆ ಹೊಳೆದದ್ದು ಇಷ್ಟು: ಆಸ್ತಿಯನ್ನು ಪಾಲು ಮಾಡುವ ಮೊದಲು ಲೆಕ್ಕವನ್ನು ಪಾಲು ಮಾಡಬೇಕು. ನಮ್ಮಲ್ಲಿ ಮೂರು ಅಡಿಗೆಮನೆಗಳ ಖರ್ಚೂ ಅಂಗಡಿಯ ಗಲ್ಲಾದಿಂದಲೇ ಹೋಗುತ್ತಿತ್ತು. ಮಕ್ಕಳ ಫೀಸು, ಆಸ್ಪತ್ರೆ, ಮದುವೆಯ ಮುಯ್ಯಿ ಎಲ್ಲವೂ "ಮನೆ ಬಾಬ್ತು" ಎಂಬ ಒಂದೇ ಸಾಲಿನಲ್ಲಿ ಕಿರ್ದಿಗೆ ಬೀಳುತ್ತಿತ್ತು. 2023ರ ಯುಗಾದಿಯಿಂದ ಮೂವರಿಗೂ ತಿಂಗಳಿಗೆ 40,000 ಎಂದು ಗೊತ್ತುಮಾಡಿ, ಅದಕ್ಕಿಂತ ಹೆಚ್ಚಿನದನ್ನು ಅವರವರ ಹೆಸರಿನ ಖಾತೆಗೆ ಬರೆಯಿಸಿದೆ. ಮೊದಲ ಮೂರು ತಿಂಗಳು ಮನೆಯಲ್ಲಿ ರಾಮಾಯಣವೇ ನಡೆಯಿತು. ಸಂಜೆ ಅಂಗಡಿಗೆ ಬಂದು ಕೂರುತ್ತಿದ್ದ ಹಳೆಯ ಗೆಳೆಯರು, "ಅಣ್ಣತಮ್ಮಂದಿರಿಗೆ ಸಂಬಳ ಕೊಡುತ್ತಾನಂತೆ" ಎಂದು ಆಡಿಕೊಂಡರು. ಆದರೆ ವರ್ಷ ತುಂಬುವಷ್ಟರಲ್ಲಿ ಹೆಚ್ಚು ತೆಗೆದವರು ಯಾರೆಂದು ಪುಸ್ತಕವೇ ಹೇಳಿತು, ಬಾಯಿಬಿಟ್ಟು ಯಾರೂ ಹೇಳಬೇಕಾಗಲಿಲ್ಲ. ಹೆಚ್ಚು ತೆಗೆದವನು ನಾನೇ ಆಗಿದ್ದೆ, ಮಗಳ ಓದಿಗಾಗಿ. ಸುಮಾರು ಮೂರೂವರೆ ಲಕ್ಷ ನನ್ನ ಪಾಲಿನಲ್ಲಿ ಮುರಿದುಕೊಂಡೆ. ಅಲ್ಲಿಂದ ಮುಂದೆ ತಮ್ಮಂದಿರಿಗೆ ನನ್ನ ಮಾತಿನ ಮೇಲೆ ನಂಬಿಕೆ ಹುಟ್ಟಿತು.

ಎರಡನೆಯ ಹೆಜ್ಜೆಯಾಗಿ, ಮೂವರ ಪಾಲಿನ ಮಾತೆತ್ತುವ ಮೊದಲೇ ತಂಗಿಯ ಪಾಲನ್ನು ತೆಗೆದಿಟ್ಟೆವು. ಬಿ.ಎಚ್. ರಸ್ತೆಯ ಕಡೆಗಿನ ಒಂದು ನಿವೇಶನ ಮತ್ತು ತೋಟದಲ್ಲಿ ಬಾವಿಯ ಪಕ್ಕದ ಒಂದೂಮುಕ್ಕಾಲು ಎಕರೆ. ಸಮಪಾಲೇ ಕೊಡಬೇಕೆ, ಸ್ವಲ್ಪ ಕಡಿಮೆ ಮಾಡಬಾರದೆ ಎಂದು ಮಧ್ಯದವನು ಕೇಳಿದ. ಕಾನೂನು ಹೇಳುವುದೂ ಅದನ್ನೇ, ನಮ್ಮ ತಾಯಿ ಬದುಕಿದ್ದರೆ ಹೇಳುತ್ತಿದ್ದದ್ದೂ ಅದನ್ನೇ ಎಂದೆ. ಈ ಸಲ ಪತ್ರವನ್ನು ಅವಳ ಮಗನೇ ಗಟ್ಟಿಯಾಗಿ ಓದಿ ಹೇಳಿದ. ಅವಳು ಕನ್ನಡಕ ಹಾಕಿಕೊಂಡು ಎರಡನೆಯ ಸಲ ತಾನೇ ಓದಿ, ಚೆಕ್ಕುಬಂದಿಯಲ್ಲಿ (ಜಾಗದ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಪೂರ್ವ ಪಶ್ಚಿಮ ಅದಲುಬದಲಾಗಿದ್ದನ್ನು ಹಿಡಿದಳು. ತಿದ್ದಿಸಿದ ಮೇಲೆ ಸಹಿ ಹಾಕಿದಳು.

ಸರಕಿನ ವಿಷಯದಲ್ಲಿ ನನ್ನ ಅನುಭವ ಒಂದೇ ಮಾತಿನದು. ಹಣದಲ್ಲಿ ಹಂಚಬಾರದು, ಚೀಲದಲ್ಲಿ ಹಂಚಬೇಕು. ಗಾತ್ರ ನೋಡಿ ವಿಂಗಡಿಸಿ, ಪ್ರತಿ ದರ್ಜೆಯನ್ನೂ ಮೂರು ಸಾಲಾಗಿ ಜೋಡಿಸಿ, ತೂಗಿ, ಸಾಲುಗಳಿಗೆ ಚೀಟಿ ಎತ್ತಿಸಿದೆವು. ಅಟ್ಟದ ಮೇಲೆ ಇನ್ನೂ ಒಣಗುತ್ತಿದ್ದ ತೋಟದ ಕಾಯನ್ನು ಮಾತ್ರ ಹಂಚಲು ಹೋಗಲಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿರಬೇಕಾದ ಕಾಯಿ ಒಳಗೆ ಏನಾಗಿದೆ ಎಂದು ಒಡೆಯುವವರೆಗೆ ಯಾರೂ ಆಣೆ ಮಾಡಿ ಹೇಳಲಾರರು. ಅದು ಕೊಬ್ಬರಿಯಾದ ಮೇಲೆ ಸುಲಿಸಿ, ಒಡೆಸಿ, ಕೂಲಿ ಕಳೆದು ಹಂಚಿಕೊಂಡೆವು.

ಎಲ್ಲಕ್ಕಿಂತ ಕಷ್ಟವಾದದ್ದು ಬಾಕಿ. ರೈತರಿಗೆ ಕೊಟ್ಟ ಮುಂಗಡ, ಹೊರಗಿನ ವ್ಯಾಪಾರಿಗಳಿಂದ ಬರಬೇಕಾದದ್ದು ಎಲ್ಲ ಸೇರಿ 60 ಲಕ್ಷದಷ್ಟಿತ್ತು. ಅದರಲ್ಲಿ ಮೂರನೇ ಒಂದು ಪಾಲು ಬರುವ ಹಣವಲ್ಲವೆಂದು ಮೂವರಿಗೂ ಗೊತ್ತಿತ್ತು. ಸಮವಾಗಿ ಹಂಚಿದರೆ ಒಬ್ಬನಿಗೆ ಒಳ್ಳೆಯ ಹೆಸರು, ಇನ್ನೊಬ್ಬನಿಗೆ ಸತ್ತ ಹೆಸರು ಬೀಳುತ್ತದೆ. ಆದ್ದರಿಂದ ಹೆಸರುಗಳನ್ನು ಒಂದೊಂದಾಗಿ ಓದಿ, "ಈ ಬಾಕಿಯನ್ನು ನೂರಕ್ಕೆ ಎಷ್ಟು ಎಂದು ಹಿಡಿದು ನೀನು ನಿನ್ನ ಪಾಲಿಗೆ ಬರೆದುಕೊಳ್ಳುತ್ತೀಯೆ" ಎಂದು ಕೂಗಿಸಿದೆ. ಮಾರುಕಟ್ಟೆಯ ಹರಾಜನ್ನು ಮನೆಯೊಳಗೆ ತಂದಂತಾಯಿತು. ನಾನು ಹತ್ತು ರೂಪಾಯಿಗೂ ಬೇಡವೆಂದ ಹಾಲ್ಕುರಿಕೆ ಕಡೆಯ ಒಂದು ಹಳೆಯ ಬಾಕಿಯನ್ನು ಕಿರಿಯವನು ನಲವತ್ತಕ್ಕೆ ಹಿಡಿದ, ಮತ್ತು ಎಂಟು ತಿಂಗಳಲ್ಲಿ ಪೂರ್ತಿ ವಸೂಲು ಮಾಡಿದ. ಆ ಮನೆಯ ಹುಡುಗ ಅವನ ಜೊತೆ ಓದಿದವನಂತೆ. ಯಾರ ಪರಿಚಯ ಎಲ್ಲಿದೆಯೋ ಆ ಬಾಕಿ ಅಲ್ಲಿಗೇ ಹೋಯಿತು. ಹೆಸರುಗಳನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದರಲ್ಲಿ ಒಂದು ಮರ್ಮವಿದೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ; ಎದುರು ಕುಳಿತವರಿಗೆ ಹೇಳುತ್ತೇನೆ.

ಕಟ್ಟಡಗಳನ್ನು ಮೂರು ಗಂಟು ಮಾಡಿದವನು ನಾನು, ಮೊದಲು ಆರಿಸಿಕೊಂಡವನು ಕಿರಿಯವನು, ಕೊನೆಗೆ ಉಳಿದದ್ದು ನನ್ನದು. ಕಡೆಯದು ತನಗೇ ಉಳಿಯುತ್ತದೆಂದು ಗೊತ್ತಿದ್ದವನು ಗಂಟನ್ನು ಸಮವಾಗಿಯೇ ಕಟ್ಟುತ್ತಾನೆ. ಇದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ತಾತನವರ ಹೆಸರಿನ ಅಂಗಡಿಯ ಹೆಸರು ಮಾತ್ರ ಹಂಚದೆ ಉಳಿಯಿತು. ದೆಹಲಿಯ ಪಾರ್ಟಿಗಳು ಆ ಹೆಸರು ನೋಡಿಯೇ ಮುಂಗಡ ಹಾಕುತ್ತಿದ್ದರು. ಮೂವರೂ ಒಂದೊಂದು ಚೀಟಿಯಲ್ಲಿ, ಹೆಸರು ತನಗೇ ಬಂದರೆ ಉಳಿದವರಿಗೆ ಎಷ್ಟು ಕೊಡಲು ಸಿದ್ಧ ಎಂದು ಬರೆದು ತಾತನವರ ಕಾಲದ ತಕ್ಕಡಿಯ ತಟ್ಟೆಯಲ್ಲಿ ಹಾಕಿದೆವು. ನನ್ನದು ಐದು ಲಕ್ಷ, ಕಿರಿಯವನದು ನಾಲ್ಕು, ಮಧ್ಯದವನದು ಹನ್ನೊಂದು. ಅಷ್ಟು ದಿನ ಬಾಯಿಬಿಡದೆ ಕುಳಿತಿದ್ದವನು ಆ ಹೆಸರನ್ನು ಅಷ್ಟು ಪ್ರೀತಿಸುತ್ತಾನೆಂದು ನಮಗಿಬ್ಬರಿಗೂ ತಿಳಿದಿರಲಿಲ್ಲ. ಹೆಸರೂ ತಕ್ಕಡಿಯೂ ಅವನಿಗೇ ಹೋದವು. ನಾವಿಬ್ಬರು ಹೊಸ ಹೆಸರು, ಹೊಸ ಜಿ.ಎಸ್.ಟಿ. ನಂಬರು ಮಾಡಿಸಿಕೊಂಡೆವು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದ್ದೆ. ಮುಂದಿನ ತಲೆಮಾರು ಮಂಡಿಯ ಮೇಲೆಯೇ ಬೀಳದಿರಲಿ ಎಂದು, ಅಣ್ಣತಮ್ಮಂದಿರ ಮಕ್ಕಳಿಬ್ಬರನ್ನು ಸೇರಿಸಿ ತೆಂಗಿನ ಚಿಪ್ಪಿನ ಇದ್ದಿಲು ಸುಡುವ ಕೆಲಸ ಹಾಕಿಕೊಟ್ಟೆ. ಹೊಗೆಯ ದೂರು, ಮಳೆಗಾಲದ ಹಸಿ ಚಿಪ್ಪು, ಒಂದೇ ಖರೀದಿದಾರನ ಮೇಲಿನ ಭರವಸೆ, ಎಲ್ಲ ಸೇರಿ ನಾಲ್ಕು ಲಕ್ಷ ಹೋಯಿತು. ಆದರೂ ಆ ಇಬ್ಬರು ಹುಡುಗರು ಕೂಡಿ ದುಡಿಯುವುದನ್ನು ಅಲ್ಲಿಯೇ ಕಲಿತರು. ಈಗ ಚಿಪ್ಪನ್ನು ಸುಡದೆ, ಕೊಂಡು ಲಾರಿ ತುಂಬಿಸಿ ಕಳುಹಿಸುತ್ತಾರೆ, ಕೈಗೆ ಹತ್ತಿದೆ.

ವರ್ತಕರ ಸಂಘದ ಜವಾಬ್ದಾರಿ ನನ್ನ ಮೇಲಿರುವುದರಿಂದ ಇದೇ ಕ್ರಮವನ್ನು ಬೇರೆ ಮನೆಗಳಲ್ಲಿಯೂ ನಡೆಸಿಕೊಟ್ಟಿದ್ದೇನೆ. ಆರು ಮನೆಗಳಲ್ಲಿ ನಾಲ್ಕು ಕೂಡಿಬಂದವು. ಉಳಿದ ಎರಡರಲ್ಲಿ ಒಂದು ವರ್ಷ ಪುಸ್ತಕ ಬರೆಯುವ ತಾಳ್ಮೆ ಯಾರಿಗೂ ಇರಲಿಲ್ಲ, ಅವು ಕೋರ್ಟಿನಲ್ಲಿವೆ. 2025ರ ಮಧ್ಯದಲ್ಲಿ ಧಾರಣೆ 25,000 ದಾಟಿದಾಗ ನಾವು ಮೂವರು ಮೂರು ಬೇರೆ ಬೇರೆ ದಿನ ಮಾರಿದೆವು. ನಾನು ಸ್ವಲ್ಪ ಮೊದಲೇ ಮಾರಿಬಿಟ್ಟೆ. ಕಿರಿಯವನು ಆ ಸಂಜೆ ಫೋನು ಮಾಡಿ, "ಇನ್ನೊಂದು ವಾರ ತಡೀಬೇಕಿತ್ತು ಅಣ್ಣ" ಎಂದ, ಆಮೇಲೆ ತೋಟದ ಮೋಟಾರು ರಿಪೇರಿಯ ವಿಷಯ ಮಾತಾಡಿದ. ಮೋಟಾರು ಮಾತ್ರ ಇವತ್ತಿಗೂ ತಂಗಿಯನ್ನೂ ಸೇರಿಸಿ ನಾಲ್ವರ ಹೆಸರಿನಲ್ಲಿದೆ.