ವೇಗದ ಕಾರು: ಪೆಟ್ರೋಲೋ, ಡೀಸೆಲೋ? ಮೈಲೇಜ್ ಲೆಕ್ಕ ಹಾಕುವ ಕ್ರಮ

ಬಲವಾದ ಎಂಜಿನ್ ಇರುವ ಕಾರು ಕೊಳ್ಳುವವರಲ್ಲಿ ಎರಡು ಥರದವರನ್ನು ಕಾಣುತ್ತೇನೆ. ‘ಇಂಥ ಕಾರು ತಗೊಂಡ ಮೇಲೆ ಮೈಲೇಜ್ ಯಾಕೆ ಕೇಳಬೇಕು’ ಅನ್ನುವವರು ಮೊದಲ ಥರ. ಸ್ವಲ್ಪ ದಿನದಲ್ಲೇ ಇವರ ಕಾರು ಮನೆಯಲ್ಲಿ ನಿಂತುಬಿಡುತ್ತದೆ. ಎರಡನೆಯವರು ಬ್ರೋಷರಿನ ಅಂಕಿ ನಂಬಿ ಡೀಸೆಲ್ ಕಾರು ತರುತ್ತಾರೆ, ದಿನಾ ನಾಲ್ಕೈದು ಕಿಲೋಮೀಟರ್ ಓಡಿಸುತ್ತಾರೆ, ಆಮೇಲೆ ಎಚ್ಚರಿಕೆಯ ದೀಪ ಉರಿಯಿತೆಂದು ವರ್ಕ್‌ಶಾಪಿಗೆ ಅಲೆಯುತ್ತಾರೆ. ಕೊಳ್ಳುವ ಮುಂಚೆ ಒಂದು ಕಾಗದ, ಒಂದು ಪೆನ್ನು ಹಿಡಿದು ಕೂತರೆ ಎರಡೂ ತಪ್ಪುತ್ತದೆ.

ಹಂತ 1: ನಿಮ್ಮ ಓಡಾಟ ಬರೆದುಕೊಳ್ಳಿ

ವರ್ಷಕ್ಕೆ ಎಷ್ಟು ಕಿಲೋಮೀಟರ್, ಅದರಲ್ಲಿ ನಿಲ್ಲದೆ ಅರ್ಧ ಗಂಟೆಗಿಂತ ಹೆಚ್ಚು ಓಡುವ ಪ್ರಯಾಣ ಎಷ್ಟು ಪಾಲು. ಈ ಎರಡು ಸಂಖ್ಯೆ ಸಾಕು. ‘ಮುಂದೆ ತುಂಬಾ ಸುತ್ತುತ್ತೇನೆ’ ಎಂಬ ಆಸೆಯನ್ನು ಲೆಕ್ಕಕ್ಕೆ ಸೇರಿಸಬೇಡಿ.

ಹಂತ 2: ಲೆಕ್ಕವನ್ನು ತಿರುಗಿಸಿ ಹಾಕಿ

ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದು ರೂಢಿ. ಹೆಚ್ಚು ಕುಡಿಯುವ ಕಾರುಗಳನ್ನು ಹೋಲಿಸುವಾಗ ಆ ಲೆಕ್ಕ ದಾರಿ ತಪ್ಪಿಸುತ್ತದೆ. 16 ಕೊಡುವ ಕಾರು ಬಿಟ್ಟು 20 ಕೊಡುವುದನ್ನು ತಂದರೆ 100 ಕಿ.ಮೀ.ಗೆ ಉಳಿಯುವುದು 1.25 ಲೀಟರ್. 8 ಕೊಡುವುದನ್ನು ಬಿಟ್ಟು 10 ಕೊಡುವುದನ್ನು ತಂದರೆ 2.5 ಲೀಟರ್, ಅಂದರೆ ಸರಿಯಾಗಿ ಎರಡು ಪಟ್ಟು. ವೇಗದ ಕಾರುಗಳೆಲ್ಲ ಈ ಕೆಳಗಿನ ತುದಿಯಲ್ಲೇ ಇರುವುದರಿಂದ ಲೀಟರಿಗೆ ಒಂದೇ ಒಂದು ಕಿಲೋಮೀಟರಿನ ವ್ಯತ್ಯಾಸವೂ ದೊಡ್ಡದು. 100ನ್ನು ಮೈಲೇಜಿನಿಂದ ಭಾಗಿಸಿ, ಎಲ್ಲ ಕಾರುಗಳನ್ನೂ ‘100 ಕಿ.ಮೀ.ಗೆ ಇಷ್ಟು ಲೀಟರ್’ ಎಂದೇ ಬರೆದುಕೊಳ್ಳಿ.

ಹಂತ 3: ಬ್ರೋಷರಿನ ಅಂಕಿ ಯಾವ ಪರೀಕ್ಷೆಯದು, ನೋಡಿ

ಹಳೆಯ ಕಾರು ಕೊಳ್ಳುವವರು ಎಡವುವುದು ಇಲ್ಲಿ. ಯುರೋಪಿನಲ್ಲಿ ಮೊದಲಿದ್ದ ಎನ್‌ಇಡಿಸಿ ಪರೀಕ್ಷೆ ಸುಮಾರು 11 ಕಿ.ಮೀ. ದೂರದ್ದು, ಬಹಳ ಮೆದು. ಅದರ ಜಾಗಕ್ಕೆ ಬಂದ ಡಬ್ಲ್ಯುಎಲ್‌ಟಿಪಿ 23.25 ಕಿ.ಮೀ. ದೂರ, 30 ನಿಮಿಷ; ವೇಗ ಗಂಟೆಗೆ 131 ಕಿ.ಮೀ.ವರೆಗೂ ಏರುತ್ತದೆ. 2018ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಇದೇ ಪರೀಕ್ಷೆ. ಹಾಗಾಗಿ 2015ರ ಕಾರಿನ ಅಂಕಿ 2020ರದ್ದಕ್ಕಿಂತ ಚೆನ್ನಾಗಿ ಕಂಡರೆ ಹಳೆಯ ಎಂಜಿನ್ನೇ ಮಿತವ್ಯಯಿ ಎಂದುಕೊಳ್ಳಬೇಡಿ. ಒಂದೇ ಪರೀಕ್ಷೆಯ ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಡಿ.

ಹಂತ 4: ನಿಮ್ಮ ಕಾಲಿನ ಅಂಕಿ ಕಂಡುಹಿಡಿಯಿರಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆಯೇ, ಆದ್ದರಿಂದ ನಿಧಾನವಾಗಿ ಓದಿ.

ಈಗಿರುವ ಕಾರಿನಿಂದ ಶುರು ಮಾಡಿ. ಬಂಕಿನಲ್ಲಿ ಟ್ಯಾಂಕ್ ತುಂಬಿಸುವಾಗ ನಾಜಲ್ ‘ಟಕ್’ ಎಂದು ತಾನಾಗಿ ನಿಂತ ಕೂಡಲೇ ಸಾಕು ಅನ್ನಿ. ರೌಂಡ್ ಫಿಗರ್ ಆಗಲಿ ಎಂದು ಇನ್ನಷ್ಟು ಹಾಕಿಸಬೇಡಿ. ಎಷ್ಟು ಹೆಚ್ಚುವರಿ ಹೋಯಿತೆಂಬುದು ಪ್ರತಿ ಸಲವೂ ಬೇರೆಬೇರೆಯಾಗಿ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮಾಮೂಲಿ ಓಡಾಟದಲ್ಲಿ ಟ್ಯಾಂಕ್ ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ. ಆಮೇಲೆ ಸಾಧ್ಯವಾದರೆ ಅದೇ ಬಂಕಿಗೆ, ಅದೇ ಪಂಪಿಗೆ ಹೋಗಿ ಮತ್ತೆ ಮೊದಲ ‘ಟಕ್’ವರೆಗೆ ತುಂಬಿಸಿ. ಬಿಲ್ಲಿನಲ್ಲಿರುವ ಲೀಟರನ್ನು ಓಡಿದ ಕಿಲೋಮೀಟರಿನಿಂದ ಭಾಗಿಸಿ 100ರಿಂದ ಗುಣಿಸಿ.

ಮುಕ್ಕಾಲು ಖಾಲಿಯೇ ಯಾಕೆ? ನಾಜಲ್ ನಿಲ್ಲುವುದರಲ್ಲಿ ಒಂದು ಲೀಟರ್ ಆಚೀಚೆ ಆಯಿತು ಅನ್ನಿ. 10 ಲೀಟರ್ ಹಾಕಿಸಿದ್ದರೆ ಅದು ಶೇ 10ರ ತಪ್ಪು. 40 ಲೀಟರ್ ಹಾಕಿಸಿದ್ದರೆ ಬರೀ ಶೇ 2.5. ಹೀಗೆ ಮೂರ್ನಾಲ್ಕು ಟ್ಯಾಂಕ್ ಅಳೆಯಿರಿ. ಕೊನೆಗೆ ಒಂದೊಂದು ಟ್ಯಾಂಕಿನ ಮೈಲೇಜಿನ ಸರಾಸರಿ ತೆಗೆಯಬೇಡಿ. ಎಲ್ಲ ಲೀಟರ್ ಕೂಡಿಸಿ, ಎಲ್ಲ ಕಿಲೋಮೀಟರ್ ಕೂಡಿಸಿ, ಒಂದೇ ಸಲ ಭಾಗಿಸಿ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಸರಾಸರಿಯನ್ನು ಇಲ್ಲಿ ಬಳಸಬೇಡಿ. ಅದು ಹೆಚ್ಚಾಗಿ ಕಾರಿನ ಪರವಾಗಿಯೇ ಮಾತಾಡುತ್ತದೆ.

ಈಗ ಆ ಕಾರಿನ ಅಧಿಕೃತ ಅಂಕಿಯ ಪಕ್ಕದಲ್ಲಿ ನಿಮ್ಮದನ್ನು ಇಡಿ. ಕಂಪನಿ ಹೇಳಿದ್ದು 5.5 ಲೀಟರ್, ನಿಮಗೆ ಬಂದದ್ದು 6.6 ಆದರೆ ನಿಮ್ಮ ಗುಣಕ 1.2. ನಿಮ್ಮ ರಸ್ತೆ, ನಿಮ್ಮ ಟ್ರಾಫಿಕ್, ನಿಮ್ಮ ಕಾಲಿನ ಭಾರ ಎಲ್ಲವೂ ಆ 1.2ರಲ್ಲಿ ಸೇರಿದೆ. ಕೊಳ್ಳಬೇಕೆಂದಿರುವ ಕಾರಿನ ಅಂಕಿ 8 ಲೀಟರ್ ಇದ್ದರೆ 9.6 ಎಂದು ಬರೆದುಕೊಳ್ಳಿ. ಎರಡೂ ಅಂಕಿ ಒಂದೇ ಪರೀಕ್ಷೆಯದಾಗಿರಬೇಕು ಎಂಬುದು ನೆನಪಿರಲಿ.

ಹಂತ 5: ಜೋರಾಗಿ ಓಡಿಸಿದರೆ ಏನಾಗುತ್ತದೆ, ತಿಳಿದಿರಿ

ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ಪೆಟ್ರೋಲ್ ಕಾರಿಗೆ ಆ ಗುಣಕವೂ ಸಾಲದೆ ಹೋಗಬಹುದು. ಮೆಲ್ಲಗೆ ಹೋಗುವಾಗ ಪೆಟ್ರೋಲ್ ಎಂಜಿನ್ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸುಡುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಾಗ ಟರ್ಬೊ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗದಂತೆ ಎಷ್ಟೋ ಎಂಜಿನ್‌ಗಳು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿದು ಹೊಗೆಯನ್ನು ತಂಪು ಮಾಡುತ್ತವೆ. ಆ ಹೆಚ್ಚುವರಿ ಪೆಟ್ರೋಲಿನಿಂದ ಕಾರು ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ಸಣ್ಣ ಟರ್ಬೊ ಎಂಜಿನ್ ಬ್ರೋಷರಿನಲ್ಲಿ ಮಿತವ್ಯಯಿ, ಕೈಗೆ ಸಿಕ್ಕ ಮೇಲೆ ಹೊಟ್ಟೆಬಾಕ ಆಗಲು ಇದೊಂದು ದೊಡ್ಡ ಕಾರಣ.

ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಸಂಕೋಚನ ಅನುಪಾತವೂ (ಸಿಲಿಂಡರಿನೊಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಹೆಚ್ಚು, ಜೊತೆಗೆ ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶೇ 10ರಿಂದ 15ರಷ್ಟು ಹೆಚ್ಚು ಶಕ್ತಿಯಿದೆ. ಹೀಗಾಗಿ ಮೆಲ್ಲಗೆ ಓಡಿಸಿದಾಗಿನ ಖರ್ಚಿಗೂ ಜೋರಾಗಿ ಓಡಿಸಿದಾಗಿನ ಖರ್ಚಿಗೂ ಅಷ್ಟು ದೊಡ್ಡ ಅಂತರ ಬೀಳುವುದಿಲ್ಲ. ಡೀಸೆಲ್ ಅಂದರೆ ಬರೀ ಲಾರಿ ಎಂಜಿನ್ ಎನ್ನುವವರಿಗೆ ನೆನಪಿಸಬೇಕು: 2006ರ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಆಡಿ ಆರ್10 ಟಿಡಿಐ ಡೀಸೆಲ್ ಕಾರೇ.

ಎರಡಕ್ಕೂ ಒಂದೇ ಶತ್ರು ಗಾಳಿ. ಗಂಟೆಗೆ 100 ಕಿ.ಮೀ.ನಿಂದ 130ಕ್ಕೆ ಏರಿದರೆ ಗಾಳಿಯ ತಡೆ ಸುಮಾರು ಶೇ 70 ಹೆಚ್ಚುತ್ತದೆ.

ಹಂತ 6: ಡೀಸೆಲ್ ನಿಮಗೆ ಹೊಂದುತ್ತದೆಯೇ?

ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿ ಸುಡುತ್ತದೆ. ಈ ಕೆಲಸ ಮುಗಿಯಲು ಕಾರು ಬಿಸಿಯಾಗಿ, ನಿಲ್ಲದೆ ಸ್ವಲ್ಪ ಹೊತ್ತು ಓಡಬೇಕು. ದಿನಾ ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ, ಮರುದಿನ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೈಲೇಜ್ ಹೋಗುತ್ತದೆ, ಫಿಲ್ಟರೂ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡಲು ಹೋದಾಗ, ಎಂಜಿನ್ ಆರಿದ ಮೇಲೆ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಆಯಿಲ್ ಮೇಲಿನ ಗೆರೆಯನ್ನೂ ದಾಟಿದ್ದು, ಡೀಸೆಲ್ ವಾಸನೆ ಬಂದರೆ, ಮಸಿ ಸುಡಲು ಬಿಟ್ಟ ಇಂಧನ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿಗೆ ಸೇರಿರುವ ಸಂಭವ ಹೆಚ್ಚು. ಆ ಕಾರು ಬಿಟ್ಟುಬಿಡಿ. ಫಿಲ್ಟರ್ ಕಿತ್ತು ಹಾಕಿಸಿ ‘ಪಿಕಪ್ ಹೆಚ್ಚಿಸಿದ್ದೇವೆ’ ಎಂದು ಮಾರುವ ಕಾರನ್ನಂತೂ ಮುಟ್ಟಬೇಡಿ. ಅದು ಕಾನೂನಿಗೆ ವಿರುದ್ಧ, ಹಿಂದೆ ಬರುವವರ ಶ್ವಾಸಕೋಶಕ್ಕೂ ಅನ್ಯಾಯ.

ನನ್ನ ಮಾತು ಕೇಳುವುದಾದರೆ, ಹಂತ 1ರಲ್ಲಿ ನಿಮ್ಮ ಓಡಾಟದ ಅರ್ಧಕ್ಕಿಂತ ಹೆಚ್ಚು ಪಾಲು ದೂರ ಪ್ರಯಾಣ ಇಲ್ಲದಿದ್ದರೆ ಪೆಟ್ರೋಲ್ ತಗೊಳ್ಳಿ. ಮುಂದಿನ ಲೆಕ್ಕ ಏನೇ ಹೇಳಲಿ.

ಹಂತ 7: ದುಡ್ಡಿನ ಲೆಕ್ಕ

ಪೆಟ್ರೋಲ್ ಕಾರಿಗೆ 100 ಕಿ.ಮೀ.ಗೆ 10 ಲೀಟರ್, ಡೀಸೆಲಿಗೆ 7.1 ಲೀಟರ್ ಬಂತು ಅನ್ನಿ. ವರ್ಷಕ್ಕೆ 12,000 ಕಿ.ಮೀ. ಓಡಿದರೆ ಒಂದಕ್ಕೆ 1,200, ಇನ್ನೊಂದಕ್ಕೆ 852 ಲೀಟರ್. ಮೊದಲೇ ಲೀಟರ್ ಕಳೆಯಬೇಡಿ, ಎರಡರ ದರ ಬೇರೆ. ಆಯಾ ಲೀಟರನ್ನು ಆಯಾ ದರದಿಂದ ಗುಣಿಸಿದ ಮೇಲೆ ಕಳೆಯಿರಿ. ಬಂದ ಉಳಿತಾಯದಲ್ಲಿ ವಿಮೆ, ಸರ್ವಿಸ್, ಆಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ) ಖರ್ಚಿನ ವ್ಯತ್ಯಾಸ ತೆಗೆದು, ಎರಡು ಕಾರುಗಳ ಬೆಲೆಯ ಅಂತರವನ್ನು ಉಳಿದ ಮೊತ್ತದಿಂದ ಭಾಗಿಸಿ. ಹೆಚ್ಚು ಕೊಟ್ಟ ಹಣ ವಾಪಸಾಗಲು ಎಷ್ಟು ವರ್ಷ ಬೇಕೆಂಬುದು ಅದೇ. ಕಾರು ಇಟ್ಟುಕೊಳ್ಳುವ ವರ್ಷಗಳಿಗಿಂತ ಅದು ಹೆಚ್ಚಾದರೆ ಡೀಸೆಲ್ ಬೇಡ.

ಇಂಧನ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಇವನ್ನು ಈ ಲೆಕ್ಕದೊಳಗೆ ತರಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಸ್ವಲ್ಪವಾದರೂ ಉಳಿಸಿದವು ಬೆರಳೆಣಿಕೆಯಷ್ಟು.

ಹಂತ 8: ಸಹಿ ಹಾಕುವ ಮುಂಚೆ

ಟೆಸ್ಟ್ ಡ್ರೈವನ್ನು ಶೋರೂಮಿನವರು ತೋರಿಸಿದ ದಾರಿಯಲ್ಲಿ ಮಾಡಬೇಡಿ, ನಿಮ್ಮ ದಿನನಿತ್ಯದ ದಾರಿಯಲ್ಲಿ ಮಾಡಿ. ಒಂದೇ ಕಾರಿಗೆ ಎರಡು ಅಳತೆಯ ಚಕ್ರ ಸಿಗುವುದಾದರೆ ಚಿಕ್ಕದನ್ನೇ ಆರಿಸಿ. ಅಗಲವಾದ, ಮೆದು ರಬ್ಬರಿನ ಟೈರ್ ಚೆಂದ ಕಾಣಬಹುದು, ಆದರೆ ಪ್ರತಿ ಕಿಲೋಮೀಟರಿಗೂ ಇಂಧನ ತಿನ್ನುತ್ತದೆ. ಪೆಟ್ರೋಲ್ ಕಾರಾದರೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬರೆದಿರುವ ಆಕ್ಟೇನ್ ಸಂಖ್ಯೆ ಓದಿ. 98 ಕೇಳುವ ಎಂಜಿನ್ನಿಗೆ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಅದು ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದು) ತಪ್ಪಿಸಿಕೊಳ್ಳಲು ಕಿಡಿಯನ್ನು ತಡ ಮಾಡುತ್ತದೆ, ಬಲವೂ ಮೈಲೇಜೂ ಇಳಿಯುತ್ತವೆ. ಆ ಪೆಟ್ರೋಲ್ ನಿಮ್ಮ ಮಾಮೂಲಿ ಬಂಕಿನಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಸಿಗುವುದಾದರೆ ಹಂತ 7ರಲ್ಲಿ ಅದರ ದರವನ್ನೇ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ.