ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕಾಡಿದ ಕಪ್ಪು ಅಂಚು

ಲಾಲ್‌ಬಾಗ್ ಕೆರೆಯ ಹನಿ ನೀರಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡ ಪಾಚಿಯ ಎಳೆಗಳನ್ನು ನನ್ನ ಹಳೆಯ, ಅಗ್ಗದ ಡಿಜಿಟಲ್ ಕ್ಯಾಮೆರಾದಲ್ಲಿ ಸೆರೆಹಿಡಿಯಲು ಹೊರಟಾಗ, ಪ್ರತಿ ಚಿತ್ರದಲ್ಲೂ ನಡುವೆ ಬಿಲ್ಲೆಯಷ್ಟು ಬೆಳಕು, ಸುತ್ತಲೂ ಕತ್ತಲೆಯೇ ಸಿಗುತ್ತಿತ್ತು. ದೋಷ ಕ್ಯಾಮೆರಾದ್ದೆಂದು ಕೆಲವು ವಾರ ನಂಬಿದ್ದೆ.

ಕಾರಣ ಬೇರೆಯಿತ್ತು. ಸೂಕ್ಷ್ಮದರ್ಶಕದಲ್ಲಿ ನಾವು ಕಣ್ಣಿಟ್ಟು ನೋಡುವ ನೇತ್ರಮಸೂರದಿಂದ ಹೊರಬರುವ ಕಿರಣಗಳು ಅದರ ಮೇಲೆ ಕೆಲವು ಮಿಲಿಮೀಟರ್ ಎತ್ತರದಲ್ಲಿ ಪುಟ್ಟ ಚುಕ್ಕೆಯಾಗಿ ಕೂಡುತ್ತವೆ. 10 ಪಟ್ಟಿನ, 0.25 ಎನ್.ಎ. (ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಒಳಗೊಳ್ಳುತ್ತದೆ ಎಂಬುದರ ಅಳತೆ) ಇರುವ ವಸ್ತುಮಸೂರಕ್ಕೆ, ಅಂದರೆ ನೋಡುವ ವಸ್ತುವಿನ ಬಳಿಯ ಮಸೂರಕ್ಕೆ, 10 ಪಟ್ಟಿನ ನೇತ್ರಮಸೂರ ಜೋಡಿಸಿದಾಗ ಆ ಚುಕ್ಕೆಯ ವ್ಯಾಸ ಸುಮಾರು 1.25 ಮಿಲಿಮೀಟರ್. ಕ್ಯಾಮೆರಾದ ಮಸೂರವು ಈ ಚುಕ್ಕೆಯಿಂದ ದೂರವಿದ್ದರೆ ಅಂಚಿನ ಕಿರಣಗಳು ಒಳಗೆ ಬರುವುದೇ ಇಲ್ಲ. ತೆಳುಕಾಗದವೊಂದನ್ನು ನೇತ್ರಮಸೂರದ ಮೇಲೆ ಏರಿಸಿ ಇಳಿಸಿ, ಚುಕ್ಕೆ ಅತಿ ಚಿಕ್ಕದಾಗಿ ಕಾಣುವ ಎತ್ತರವನ್ನು ಗುರುತಿಸಿಕೊಂಡೆ. ಮಲ್ಲೇಶ್ವರದ ಹಾರ್ಡ್‌ವೇರ್ ಅಂಗಡಿಯಿಂದ ತಂದ ಪಿ.ವಿ.ಸಿ. ಪೈಪಿನ ತುಂಡನ್ನು ಆ ಅಳತೆಗೆ ಕತ್ತರಿಸಿ, ಪ್ರತಿಫಲನ ತಡೆಯಲು ಒಳಗೆ ಕಪ್ಪು ಕಾಗದ ಅಂಟಿಸಿ, ಕ್ಯಾಮೆರಾವನ್ನು ಅದರ ಮೇಲೆ ಕೂರಿಸಿದೆ. ಉಳಿದ ಕಪ್ಪು ಅಂಚು ಜೂಮ್ ಅನ್ನು ಅರ್ಧದಷ್ಟು ಹೆಚ್ಚಿಸಿದ ಕೂಡಲೇ ಚೌಕಟ್ಟಿನಿಂದ ಹೊರಗುಳಿಯಿತು.

ಫೋಕಸನ್ನು ಅನಂತಕ್ಕೆ ಇರಿಸಿ, ಫ್ಲ್ಯಾಷ್ ಆರಿಸಿ, ಗುಂಡಿ ಒತ್ತುವ ಕಂಪನ ತಪ್ಪಿಸಲು 2 ಸೆಕೆಂಡಿನ ಟೈಮರ್ ಬಳಸಿದೆ. ಮನೆ ಮುಂದೆ ಬಸ್ಸುಗಳು ಓಡಾಡುವ ನನ್ನಂಥವರು ರಾತ್ರಿ ಹನ್ನೊಂದರ ನಂತರ ಕೆಲಸಕ್ಕೆ ಕೂರುವುದು ಮೇಲು. ಈಗ ಕಾಡುತ್ತಿರುವುದು ಧೂಳಿನ ಕಲೆ. ನೇತ್ರಮಸೂರವನ್ನು ತಿರುಗಿಸಿದಾಗ ಕಲೆಯೂ ತಿರುಗಿದರೆ, ಒರೆಸಬೇಕಾದದ್ದು ಆ ಮಸೂರವನ್ನೇ.